ಹಡಗಿನ ‘ಸ್ವೀಟ್’ ಎಷ್ಟು ಸಿಹಿ?

ಅಣಶಿಯ ಕಾಡು ನೋಡಲು ಹೊರಡುವ ಕುಟುಂಬಗಳಲ್ಲಿ ಒಂದು ಚರ್ಚೆ ತಪ್ಪುವುದಿಲ್ಲ. ಉಳಿಯುವುದು ಎಲ್ಲಿ? ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದ ಡೇರೆಯೋ, ಮಕ್ಕಳ ತಂಡವಾದರೆ ಡಾರ್ಮಿಟರಿಯೋ, ಅಥವಾ ದಾಂಡೇಲಿ ಕಡೆಯ ಯಾವುದಾದರೂ ರೆಸಾರ್ಟಿನಲ್ಲಿ ಕಾಳಿ ನದಿಗೆ ಮುಖ ಮಾಡಿದ ಕಾಟೇಜೋ? ಒಂದೇ ರಾತ್ರಿಯ ಬಾಡಿಗೆಯಲ್ಲಿ ಮೂರು ಪಟ್ಟು, ನಾಲ್ಕು ಪಟ್ಟು ಅಂತರ ಬೀಳುವುದು ಅಪರೂಪವೇನಲ್ಲ. ಅಪ್ಪ ಹಣ ಎಣಿಸುತ್ತಾನೆ, ಅಮ್ಮ ಬಚ್ಚಲುಮನೆ ಹೇಗಿದೆ ಎಂದು ಕೇಳುತ್ತಾಳೆ, ಮಕ್ಕಳು ಜಾಹೀರಾತಿನ ಚಿತ್ರ ನೋಡಿ ಕಾಟೇಜಿಗೇ ಹಟ ಹಿಡಿಯುತ್ತಾರೆ. ಆದರೆ ಬೆಳಗಿನ ಆರು ಗಂಟೆಗೆ ಆಲದ ಮರಕ್ಕೆ ಹಣ್ಣು ತಿನ್ನಲು ಬರುವ ಮಂಗಟ್ಟೆ ಹಕ್ಕಿ ಮಾತ್ರ, ಕೆಳಗೆ ನಿಂತವರು ರಾತ್ರಿಗೆ ಎಷ್ಟು ಕೊಟ್ಟರು ಎಂದು ವಿಚಾರಿಸುವುದಿಲ್ಲ.

ಇದೇ ಚರ್ಚೆ ಈಗ ಇನ್ನೂ ದೊಡ್ಡ ಮೊತ್ತದೊಂದಿಗೆ ಕನ್ನಡದ ಮಧ್ಯಮ ವರ್ಗದ ಮನೆಗಳಿಗೆ ಬಂದಿದೆ. ಅಣಶಿ ಘಟ್ಟ ಇಳಿದು, ಕದ್ರಾ ದಾಟಿ ಕಾರವಾರ ಸೇರಿದರೆ ಮುಂದೆ ಅರಬ್ಬಿ ಸಮುದ್ರ. ಅಲ್ಲಿಂದ ಉತ್ತರಕ್ಕೆ ಗೋವೆಯ ಮುರ್ಮಗೋವಾ, ದಕ್ಷಿಣಕ್ಕೆ ಪಣಂಬೂರಿನ ನವಮಂಗಳೂರು. ಎರಡೂ ಬಂದರುಗಳಿಗೆ ವಿಹಾರ ಹಡಗುಗಳು ಬರುತ್ತವೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ಯಾನ ಆರಂಭಿಸಿದ ಮೇಲೆ, ಪಾಸ್‌ಪೋರ್ಟ್ ಇಲ್ಲದ ಮನೆಯವರೂ ಗೋವೆ, ಕೊಚ್ಚಿ, ಲಕ್ಷದ್ವೀಪಗಳಿಗೆ ಎರಡು ಮೂರು ರಾತ್ರಿಯ ಹಡಗು ವಿಹಾರದ ಯೋಚನೆ ಮಾಡತೊಡಗಿದರು. ಟಿಕೆಟ್ ಕಾದಿರಿಸಲು ಕೂತೊಡನೆ ಎದುರಾಗುವುದು ಕೋಣೆಗಳ ಪಟ್ಟಿ. ಕಿಟಕಿಯಿಲ್ಲದ ಒಳಕೋಣೆ, ಸಮುದ್ರ ಕಾಣುವ ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ, ಎಲ್ಲಕ್ಕಿಂತ ಮೇಲೆ ಸೂಟ್. ಹಡಗಿನ ಬಾಲ್ಕನಿ ಎಂದರೆ ಬೇರೇನಲ್ಲ, ಉತ್ತರ ಕನ್ನಡದ ಮನೆಗಳ ಜಗಲಿಯೇ. ವ್ಯತ್ಯಾಸವೆಂದರೆ ಮನೆಯ ಜಗಲಿಗೆ ನೆಂಟರು ಬರುತ್ತಾರೆ, ಹಡಗಿನ ಜಗಲಿಗೆ ಗಾಳಿ ಮಾತ್ರ.

ಸೂಟ್ ಎಂಬ ಮಾತಿನಲ್ಲೇ ಒಂದು ತಮಾಷೆ ಇದೆ. ಅದರ ಸರಿಯಾದ ಉಚ್ಚಾರ ಮಿಠಾಯಿ ಅಂಗಡಿಯ ‘ಸ್ವೀಟ್’. ಮೂಲ ಫ್ರೆಂಚ್. ಒಂದರ ಹಿಂದೊಂದು ಬರುವುದು, ಸಾಲಾಗಿ ಇರುವುದು ಎಂಬುದು ಅದರ ಅರ್ಥ. ಮಲಗುವ ಕೋಣೆ, ಕೂರುವ ಕೋಣೆ ಎಂದು ಸಾಲಾಗಿ ಕೋಣೆಗಳಿದ್ದರೆ ಅದು ಸೂಟ್. ಹೋಟೆಲು, ಹಡಗುಗಳವರು ಈ ಪದವನ್ನು ಬಹಳ ಎಳೆದಿದ್ದಾರೆ. ‘ಮಿನಿ ಸೂಟ್’, ‘ಜೂನಿಯರ್ ಸೂಟ್’ ಎಂದು ಕರೆಯುವುದು ಎಷ್ಟೋ ಕಡೆ ಒಂದೇ ಕೋಣೆಯನ್ನು. ಅಲ್ಲಿ ಹಾಸಿಗೆಯ ಪಕ್ಕಕ್ಕೆ ಒಂದು ಸೋಫಾ, ನಡುವೆ ಬೇಕಾದರೆ ಒಂದು ಪರದೆ. ಆದ್ದರಿಂದ ಹೆಸರು ಓದಿ ಹಣ ಕೊಡಬಾರದು, ಚದರಡಿ ಓದಿ ಕೊಡಬೇಕು. ಒಳಕೋಣೆಗಳು ಸಾಮಾನ್ಯವಾಗಿ 120ರಿಂದ 180 ಚದರಡಿ ಇರುತ್ತವೆ. ಸೂಟ್ 300 ಚದರಡಿ ಇರಬಹುದು, ದೊಡ್ಡ ಹಡಗುಗಳಲ್ಲಿ 1,000 ದಾಟಲೂಬಹುದು.

ಹಡಗಿನಲ್ಲಿ ಮೇಲು ಕೆಳಗಿನ ದರ್ಜೆಗಳು ಕರಾವಳಿಯವರಿಗೆ ಹೊಸದಲ್ಲ. ರಸ್ತೆ, ರೈಲು ಸರಿಯಾಗಿಲ್ಲದ ಕಾಲದಲ್ಲಿ ಕಾರವಾರದಿಂದ ಮುಂಬಯಿಗೆ ಹೋಗುತ್ತಿದ್ದುದು ಆಗಬೋಟಿನಲ್ಲಿ. ಉಳ್ಳವರು ಕ್ಯಾಬಿನ್ನಿನೊಳಗೆ, ಉಳಿದವರೆಲ್ಲ ಡೆಕ್ಕಿನ ಮೇಲೆ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಗಾಳಿಗೆ ಮೈಯೊಡ್ಡಿ ಮಲಗುತ್ತಿದ್ದರು. ಜಗತ್ತಿನ ಬೇರೆ ಕಡೆ ಈ ದರ್ಜೆಯ ಅಂತರ ಬರೀ ಆರಾಮದ ಪ್ರಶ್ನೆಯಾಗಿರಲಿಲ್ಲ. 1912ರ ಏಪ್ರಿಲ್ 15ರಂದು ಮುಳುಗಿದ ಟೈಟಾನಿಕ್‌ನಲ್ಲಿ ಇದ್ದವರು ಸುಮಾರು 2,200 ಮಂದಿ. ಜೀವರಕ್ಷಕ ದೋಣಿಗಳು 20, ಅವುಗಳಲ್ಲಿ ಜಾಗ ಇದ್ದದ್ದು 1,178 ಜನರಿಗೆ. ಮೊದಲ ದರ್ಜೆಯವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಉಳಿದರು, ಮೂರನೆಯ ದರ್ಜೆಯಲ್ಲಿ ಉಳಿದವರು ನೂರಕ್ಕೆ ಸುಮಾರು 25. ಈ ದುರಂತದ ಬೆನ್ನಿಗೇ 1914ರಲ್ಲಿ ಸಮುದ್ರದಲ್ಲಿ ಪ್ರಾಣರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಹಡಗಿನಲ್ಲಿ ಇರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗ ಇರಬೇಕೆಂಬ ನಿಯಮ ಬಂತು. ‘ಹೆಚ್ಚು ಕೊಟ್ಟರೆ ಮಕ್ಕಳು ಸುರಕ್ಷಿತ’ ಎಂಬ ಭಾವನೆ ಇಂದಿಗೂ ಕೆಲವು ಹೆತ್ತವರಲ್ಲಿ ಇದೆ. ಇಂದಿನ ಹಡಗಿನಲ್ಲಿ ಸೂಟಿನವರಿಗೂ ಒಳಕೋಣೆಯವರಿಗೂ ಅದೇ ತಾಲೀಮು, ಅದೇ ತರಹದ ತೇಲುಕವಚ. ಹೆಚ್ಚಿನ ಹಣ ಕೊಂಡುಕೊಳ್ಳುವುದು ಅನುಕೂಲವನ್ನು.

ಯಾವ ಅನುಕೂಲ? ದೊಡ್ಡ ಕೋಣೆ, ಸ್ವಂತ ಜಗಲಿ, ದೊಡ್ಡ ಬಚ್ಚಲು. ಹಡಗು ಹತ್ತುವಾಗ, ಇಳಿಯುವಾಗ ಸಾಲಿನಲ್ಲಿ ನಿಲ್ಲದೆ ಮುಂದೆ ಹೋಗುವ ಸೌಲಭ್ಯ. ಕೆಲವು ಹಡಗುಗಳಲ್ಲಿ ಬೇಕಾದದ್ದನ್ನು ತಂದುಕೊಡಲು ಒಬ್ಬ ಪರಿಚಾರಕ, ಸೂಟಿನವರಿಗೆಂದೇ ಬೇರೆ ಊಟದ ಮನೆ. ಇನ್ನೊಂದು ಕಡೆ, ಎಲ್ಲರಿಗೂ ಸಮಾನವಾಗಿ ಸಿಗುವುದೇನು ಎಂದು ನೋಡಿದರೆ ಆ ಪಟ್ಟಿ ಬಲು ಉದ್ದ. ಈಜುಕೊಳ, ನಾಟಕ, ಸಂಗೀತ, ಮುಖ್ಯ ಊಟದ ಮನೆ, ಮೇಲಿನ ತೆರೆದ ಡೆಕ್ಕು, ಸೂರ್ಯೋದಯ, ಸೂರ್ಯಾಸ್ತ. ನವಮಂಗಳೂರು ಬಂದರಿಗೆ ಬಂದಿಳಿಯುವ ವಿದೇಶಿ ಪ್ರವಾಸಿಗಳನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ಯುತ್ತಾರೆ. ಕಂಬದ ಮೇಲಿನ ಕೆತ್ತನೆ ಸೂಟಿನಲ್ಲಿ ಮಲಗಿ ಎದ್ದವರಿಗೆ ಒಂದಿಷ್ಟು ಹೆಚ್ಚು ಕಾಣುವುದಿಲ್ಲ.

ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದುವ ಮಕ್ಕಳು ‘ಸೀಮಾಂತ ತುಷ್ಟಿಗುಣ’ ಎಂಬ ಮಾತನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಅದನ್ನು ನಿಜವಾಗಿ ಉಪಯೋಗಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು. ಕೇಳಬೇಕಾದ ಪ್ರಶ್ನೆ ‘ಸೂಟ್ ಚೆನ್ನಾಗಿದೆಯೇ’ ಎಂಬುದಲ್ಲ. ಚೆನ್ನಾಗಿಯೇ ಇರುತ್ತದೆ! ಹೆಚ್ಚಿಗೆ ಕೊಡುವ ಹಣಕ್ಕೆ ಹೆಚ್ಚಿಗೆ ಸಿಗುವುದೇನು, ಅದನ್ನು ಎಷ್ಟು ಹೊತ್ತು ಅನುಭವಿಸುತ್ತೇವೆ ಎಂಬುದು ಪ್ರಶ್ನೆ.

ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ, ದ್ವಿತೀಯ ಪಿಯುಸಿ ಮುಗಿಸಿದ ಮಗಳು, ಎಂಟನೆಯ ತರಗತಿಯ ಮಗ. ಮೂರು ರಾತ್ರಿಯ ಯಾನ. ಲೆಕ್ಕಕ್ಕೆ ಸುಲಭವಾಗಲೆಂದು ಊಹಿಸಿದ ದರ ಇವು: ಒಳಕೋಣೆಯಲ್ಲಿ ಮೊದಲ ಇಬ್ಬರಿಗೆ ತಲಾ 30,000 ರೂಪಾಯಿ, ಗೋಡೆಯಿಂದ ಕೆಳಗಿಳಿಸುವ ಮೇಲಿನ ಹಾಸಿಗೆಯ ಇನ್ನಿಬ್ಬರಿಗೆ ತಲಾ 15,000. ಒಟ್ಟು 90,000. ಸೂಟಿನಲ್ಲಿ ಮೊದಲ ಇಬ್ಬರಿಗೆ ತಲಾ 80,000, ಮಕ್ಕಳಿಗೆ ತಲಾ 25,000. ಒಟ್ಟು 2,10,000. ಅಂತರ 1,20,000 ರೂಪಾಯಿ.

ಇನ್ನು ಸಮಯದ ಲೆಕ್ಕ. ಮೊದಲ ದಿನ ಸಂಜೆ ನಾಲ್ಕಕ್ಕೆ ಹಡಗು ಹತ್ತಿ ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ ಇಳಿದರೆ 66 ಗಂಟೆ. ನಿದ್ರೆಗೆ 24. ಉಳಿದದ್ದು 42. ಊಟ ತಿಂಡಿಗೆ 9, ದಡಕ್ಕೆ ಇಳಿದು ಊರು ಸುತ್ತಲು 9, ಈಜುಕೊಳ, ನಾಟಕ, ಡೆಕ್ಕಿನ ಮೇಲಿನ ತಿರುಗಾಟಕ್ಕೆ 15. ಕೋಣೆಯಲ್ಲಿ ಎಚ್ಚರವಾಗಿ ಕಳೆಯುವುದು, ಸ್ನಾನವೂ ಸೇರಿ, 9 ಗಂಟೆ. ಅಂದರೆ ಆ 9 ಗಂಟೆಗಳಲ್ಲಿ ಒಂದೊಂದಕ್ಕೂ ಈ ಕುಟುಂಬ 13,000 ರೂಪಾಯಿಗೂ ಹೆಚ್ಚು ಕೊಟ್ಟ ಹಾಗಾಯಿತು. ನಿದ್ರೆಯ 24 ಗಂಟೆಯನ್ನೂ ಸೇರಿಸಿಕೊಳ್ಳಬಾರದೇಕೆ ಎಂದು ಯಾರಾದರೂ ಕೇಳಬಹುದು. ಸೇರಿಸಿಕೊಳ್ಳಬಹುದು, ಆದರೆ ದೀಪ ಆರಿಸಿದ ಮೇಲೆ ಕಿಟಕಿಯಿಲ್ಲದ ಒಳಕೋಣೆಯಷ್ಟು ಕತ್ತಲೆ ಹಡಗಿನಲ್ಲಿ ಬೇರೆಲ್ಲೂ ಇರುವುದಿಲ್ಲ. ಗಾಢ ನಿದ್ರೆ ಬೇಕಾದವರು ಅದನ್ನೇ ಹುಡುಕಿಕೊಂಡು ಹೋಗುವುದೂ ಉಂಟು.

ಇಲ್ಲಿಗೇ ಸೂಟ್ ದಂಡ ಎಂದು ಬರೆದು ಮುಗಿಸಿದರೆ ಅನ್ಯಾಯವಾಗುತ್ತದೆ. ಅದೇ ಮನೆಗೆ ಎಪ್ಪತ್ತೈದು ವರ್ಷದ ಅಜ್ಜಿಯನ್ನು ಸೇರಿಸಿ ನೋಡಿ. ಮೊಣಕಾಲು ನೋವು, ಗದ್ದಲ ಆಗದು, ಮಧ್ಯಾಹ್ನ ಮಲಗಲೇಬೇಕು. ಆಕೆ ನಾಟಕಕ್ಕೂ ಹೋಗುವುದಿಲ್ಲ, ಈಜುಕೊಳದ ಕಡೆಗೂ ಹೋಗುವುದಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದರೆ ಮೂರು ದಿನ ಗೋಡೆ ನೋಡಿ ಬಂದ ಹಾಗೆ. ಜಗಲಿಯಿದ್ದರೆ ದಿನಕ್ಕೆ ಆರೇಳು ಗಂಟೆ ಸಮುದ್ರ ನೋಡುತ್ತ ಕೂರುತ್ತಾಳೆ. ಆಗ ಗಂಟೆಯ ಲೆಕ್ಕವೇ ತಿರುಗಿ ಬೀಳುತ್ತದೆ. ಎಳೆಗೂಸು ಇರುವವರ ಸ್ಥಿತಿಯೂ ಇದೇ. ಮಗು ಮಲಗಿದಾಗ ತಾಯ್ತಂದೆ ದೀಪ ಆರಿಸಿ ಉಸಿರು ಬಿಗಿಹಿಡಿದು ಕೂರುವ ಬದಲು ಪಕ್ಕದ ಕೋಣೆಯಲ್ಲಿ ಮಾತನಾಡಬಹುದು. ಆದರೂ ಅಜ್ಜಿಗೆ ಬೇಕಾದದ್ದು ಜಗಲಿಯೇ ಹೊರತು ಪರಿಚಾರಕನಲ್ಲ. ಅಪ್ಪ, ಅಮ್ಮ, ಅಜ್ಜಿಗೆ ಬಾಲ್ಕನಿಯ ಒಂದು ಕೋಣೆ, ಅದರ ಎದುರಿಗೇ ಮಕ್ಕಳಿಗೆ ಒಂದು ಒಳಕೋಣೆ ಎಂದು ಹಿಡಿದರೆ ಸಾಮಾನ್ಯವಾಗಿ ಸೂಟಿಗಿಂತ ಎಷ್ಟೋ ಕಡಿಮೆಗೆ ಆಗುತ್ತದೆ. ಮೇಲಾಗಿ ಎರಡು ಬಚ್ಚಲುಮನೆ. ಐದು ಜನರ ಕುಟುಂಬದ ಬೆಳಗು ಹೇಗಿರುತ್ತದೆಂದು ಬಲ್ಲವರಿಗೆ ಎರಡನೆಯ ಬಚ್ಚಲಿನ ಬೆಲೆ ಗೊತ್ತು. ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಲು ಹಡಗು ಸಂಸ್ಥೆಯ ವಯಸ್ಸಿನ ನಿಯಮ ಏನೆಂದು ಮೊದಲೇ ಕೇಳಿಕೊಳ್ಳಬೇಕು, ಅಷ್ಟೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಪಾಠ ಅಡಗಿದೆ, ಮತ್ತು ಜಾಹೀರಾತುಗಳು ಹೇಳದಿರುವುದು ಇದನ್ನೇ. ಸೂಟ್‌ಗಳು ಹೆಚ್ಚಾಗಿ ಇರುವುದು ಹಡಗಿನ ಮೇಲಿನ ಅಂತಸ್ತುಗಳಲ್ಲಿ, ಎಷ್ಟೋ ಬಾರಿ ತೀರ ಮುಂದಿನ ಅಥವಾ ತೀರ ಹಿಂದಿನ ತುದಿಯಲ್ಲಿ. ನೋಟಕ್ಕೆ ಅದು ಸೊಗಸು. ಆದರೆ ಅಲೆಗೆ ಸಿಕ್ಕ ಹಡಗು ಏತದ ಹಾಗೆ, ನಡು ಅಲುಗದೆ ತುದಿ ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೂ ತೂಗುತ್ತದೆ. ಹಡಗು ಪಕ್ಕಕ್ಕೆ 3 ಡಿಗ್ರಿ ವಾಲಿತು ಎಂದುಕೊಳ್ಳಿ. ತೂಗಾಟದ ಅಕ್ಷದಿಂದ 5 ಮೀಟರ್ ದೂರದ ಕೋಣೆ ಸರಿಯುವುದು ಸುಮಾರು 26 ಸೆಂಟಿಮೀಟರ್. 25 ಮೀಟರ್ ಎತ್ತರದ ಕೋಣೆ ಸರಿಯುವುದು ಸುಮಾರು 1.3 ಮೀಟರ್. ಕೋನ ಒಂದೇ, ದೂರ ಹೆಚ್ಚಿದಷ್ಟೂ ತೂಗಾಟ ಹೆಚ್ಚು. ಉಯ್ಯಾಲೆ ಆಡಿದವರಿಗೆ ಬೇರೆ ಹೇಳಬೇಕಿಲ್ಲ. ದೊಡ್ಡ ಹಡಗುಗಳ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಹಲಗೆಗಳು ಇದ್ದು ಪಕ್ಕದ ತೂಗಾಟವನ್ನು ಬಹಳಷ್ಟು ತಗ್ಗಿಸುತ್ತವೆ. ಮುಂದಿನಿಂದ ಹಿಂದಕ್ಕೆ ಏಳುಬೀಳಾಗುವುದನ್ನು ಅವು ಅಷ್ಟಾಗಿ ತಡೆಯಲಾರವು. ಬಸ್ಸಿನಲ್ಲಿ ಅಣಶಿ ಘಟ್ಟ ಇಳಿಯುವಾಗಲೇ ಹೊಟ್ಟೆ ತೊಳಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿಯುವುದು ಒಳ್ಳೆಯದು. ಆ ಕೋಣೆ ಸಾಮಾನ್ಯವಾಗಿ ಅಗ್ಗದ್ದೇ ಆಗಿರುತ್ತದೆ! ದಿಗಂತ ನೋಡುತ್ತಿದ್ದರೆ ವಾಕರಿಕೆ ಕಡಿಮೆಯಾಗುತ್ತದೆ ಎಂಬುದು ನಿಜ, ಅದಕ್ಕೆ ಜಗಲಿ ಉಪಕಾರಿ. ಆದರೆ ದಿಗಂತ ಎಲ್ಲರ ಡೆಕ್ಕಿನಿಂದಲೂ ಕಾಣುತ್ತದೆ.

ದರಪಟ್ಟಿ ಓದುವುದೂ ಒಂದು ವಿದ್ಯೆ. ಹಡಗಿನವರು ಬರೆಯುವ ದರ ಕೋಣೆಗಲ್ಲ, ತಲೆಗೆ. ಅದೂ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆಂಬ ಲೆಕ್ಕದಲ್ಲಿ. 1980ರಲ್ಲಿ ಆರಂಭವಾದ ಜಂಗಲ್ ಲಾಡ್ಜಸ್‌ನ ಶಿಬಿರಗಳಿಗೆ, ದಾಂಡೇಲಿಯ ಕಾಳಿ ಶಿಬಿರವೂ ಸೇರಿ, ಹೋಗಿ ಬಂದವರಿಗೆ ಈ ತಲೆಲೆಕ್ಕ ಗೊತ್ತಿದೆ. ಅಲ್ಲಿಯ ದರದಲ್ಲಿ ಊಟ, ಸಫಾರಿ ಸೇರಿರುತ್ತವೆ. ಹಡಗಿನಲ್ಲಿ ಊಟ ಸೇರಿರುತ್ತದೆ, ಆದರೆ ಬಂದರು ಶುಲ್ಕ, ತೆರಿಗೆ, ಸೇವಾಭತ್ಯ ಬೇರೆ ಬೀಳಬಹುದು. ತಂಪು ಪಾನೀಯ, ಇಂಟರ್‌ನೆಟ್, ದಡದ ಪ್ರವಾಸಗಳಿಗೆ ಮತ್ತೆ ಹಣ. ಒಬ್ಬರೇ ಹೋದರೆ ಇಬ್ಬರ ದರದ ಹತ್ತಿರ ಹತ್ತಿರ ತೆರಬೇಕಾಗುವುದೂ ಉಂಟು. ಸೂಟಿನ ದರದಲ್ಲಿ ಈ ಪೈಕಿ ಕೆಲವು ಸೇರಿರುತ್ತವೆ. ಹಾಗಿದ್ದರೆ ಅವುಗಳ ಬೆಲೆಯನ್ನು ಅಂತರದಿಂದ ಕಳೆಯಬೇಕು. ಆದರೆ ಮನೆಯವರು ನಿಜಕ್ಕೂ ಕೊಂಡುಕೊಳ್ಳುತ್ತಿದ್ದ ವಸ್ತುಗಳನ್ನು ಮಾತ್ರ ಕಳೆಯಬೇಕು. ಮದ್ಯ ಮುಟ್ಟದವರಿಗೆ ‘ಉಚಿತ ಮದ್ಯ’ದ ಬೆಲೆ ಸೊನ್ನೆ.

ಕಡಿಮೆ ದರ್ಜೆ ಹಿಡಿದು, ಯಾನ ಹತ್ತಿರ ಬಂದಾಗ ಖಾಲಿ ಉಳಿದ ಸೂಟಿಗೆ ಅಲ್ಪ ಹಣ ಸೇರಿಸಿ ಬಡ್ತಿ ಪಡೆಯುವ ಪದ್ಧತಿಯೂ ಕೆಲವು ಸಂಸ್ಥೆಗಳಲ್ಲಿದೆ. ಸಿಕ್ಕರೆ ಲಾಭ. ಅದನ್ನೇ ನಂಬಿ ಕೂರುವಂತಿಲ್ಲ.

ಹಣಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿ ಇದೆ, ಮಕ್ಕಳಿರುವ ಮನೆಗಳು ಅದನ್ನು ಯೋಚಿಸಲೇಬೇಕು. ಹೊಸ ಕಾಲದ ಕೆಲವು ದೊಡ್ಡ ಹಡಗುಗಳಲ್ಲಿ ಸೂಟಿನವರಿಗೆ ಬೇರೆಯೇ ಬಡಾವಣೆ ಕಟ್ಟಿದ್ದಾರೆ. ಬೇರೆ ಈಜುಕೊಳ, ಬೇರೆ ಪಡಸಾಲೆ, ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲು. ‘ಹಡಗಿನೊಳಗಿನ ಹಡಗು’ ಎಂದೇ ಅದರ ಪ್ರಚಾರ. ಎಂಟನೆಯ ತರಗತಿಯ ಹುಡುಗ ಆ ಬಾಗಿಲಿನ ಹೊರಗೆ ನಿಂತರೆ ಕೇಳುವ ಪ್ರಶ್ನೆಗೆ ಅಪ್ಪ ಉತ್ತರ ಸಿದ್ಧಮಾಡಿಕೊಂಡಿರಬೇಕು. ‘ನಮ್ಮ ಕೈಲಿ ಆಗುವುದಿಲ್ಲ’ ಎಂಬುದು ಒಂದು ಉತ್ತರ. ‘ಆಗುತ್ತದೆ, ಆದರೆ ಆ ಹಣಕ್ಕೆ ಬೇರೆ ಕೆಲಸ ಇದೆ’ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ನಿಜವೋ ಅದನ್ನೇ ಹೇಳುವುದು ಒಳ್ಳೆಯದು. ಆ ವಯಸ್ಸಿನ ಮಕ್ಕಳಿಗೆ ಅರ್ಥವಾಗುತ್ತದೆ. ಸಾಲ ಮಾಡಿ ಸೂಟ್ ಹಿಡಿದು, ಜೂನ್ ತಿಂಗಳಲ್ಲಿ ಮಗಳ ಕಾಲೇಜು ಶುಲ್ಕಕ್ಕೆ ಮತ್ತೆ ಸಾಲಕ್ಕೆ ಓಡಾಡುವುದನ್ನು ನೋಡಿದಾಗ ಆಗುವ ನೋವು, ಮುಚ್ಚಿದ ಬಾಗಿಲಿನ ನೋವಿಗಿಂತ ದೊಡ್ಡದು.

ಆ ಬೇರೆ ಕೆಲಸ ಯಾವುದು? ಪಠ್ಯದಲ್ಲಿ ಇದಕ್ಕೆ ‘ಅವಕಾಶ ವೆಚ್ಚ’ ಎನ್ನುತ್ತಾರೆ. ಮೇಲಿನ ಲೆಕ್ಕದ 1,20,000 ರೂಪಾಯಿ ಎಷ್ಟೋ ಊರುಗಳಲ್ಲಿ ಪದವಿ ವಿದ್ಯಾರ್ಥಿನಿಯ ಒಂದು ವರ್ಷದ ಹಾಸ್ಟೆಲ್ ಖರ್ಚು. ಅದು ಬೇಡ, ವಿಹಾರಕ್ಕೇ ಮೀಸಲಿಟ್ಟ ಹಣ ಎಂದರೂ, ಅಷ್ಟರಲ್ಲಿ ನಾಲ್ಕು ಜನ ಅಣಶಿಗೆ ಎಷ್ಟು ರಜೆ ಬಂದು ಹೋಗಬಹುದು! 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ, 2007ರಲ್ಲಿ ದಾಂಡೇಲಿ ಅಭಯಾರಣ್ಯದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದ, 2015ರಿಂದ ಕಾಳಿಯ ಹೆಸರಿನಲ್ಲಿರುವ ಈ ಕಾಡು ಒಂದೇ ಭೇಟಿಗೆ ತೆರೆದುಕೊಳ್ಳುವಂಥದಲ್ಲ. ಮೊದಲ ಸಲ ಬಂದವರು ಹುಲಿ ಕಾಣಲಿಲ್ಲವೆಂದು ಮುನಿಸಿಕೊಂಡು ಹೋಗುತ್ತಾರೆ. ಮೂರನೆಯ ಸಲ ಬಂದವರು ಕೆಂಜಳಿಲಿನ ಗೂಡು ಗುರುತಿಸಿ ಖುಷಿಪಡುತ್ತಾರೆ.

ಕಾಳಿ ನದಿಯ ಮೇಲೆ ನಡೆದ ಅತ್ಯಂತ ಪ್ರಸಿದ್ಧ ಜಲವಿಹಾರ ಯಾವ ದರ್ಜೆಯದೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ, ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು, ಅಲ್ಲಿ ನ್ಯಾಯಾಧೀಶರು. ಒಂದು ಸಂಜೆ ಸಣ್ಣ ಹಾಯಿದೋಣಿಯಲ್ಲಿ ಕಾಳಿಯನ್ನು ಏರಿ ಹೋಗಿ, ದಡದ ರೈತನೊಬ್ಬನ ಅಂಗಳದಲ್ಲಿ ಕೂತು ಉಂಡು, ಪ್ರವಾಹದ ಜೊತೆಗೇ ತೇಲುತ್ತ ಮರಳಿದ್ದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ಅಳಿವೆ ತಲುಪುವಾಗ ತುಂಬ ತಡವಾಗಿ, ದೋಣಿ ಇಳಿದು ಬೆಳದಿಂಗಳಲ್ಲಿ ಮರಳ ಮೇಲೆ ನಡೆದೇ ಮನೆ ಸೇರಿದರಂತೆ. ‘ಪ್ರಕೃತಿಯ ಪ್ರತಿಶೋಧ’ ನಾಟಕ ಹುಟ್ಟಿದ್ದು ಕಾರವಾರದ ಅದೇ ದಿನಗಳಲ್ಲಿ. ಆಗ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿರಲಿಲ್ಲ. ದೋಣಿಗೆ ಕೋಣೆಯೂ ಇರಲಿಲ್ಲ.

ಹಡಗು ವಿಹಾರವೇ ಬೇಡ ಎಂದು ಇದರ ಅರ್ಥವಲ್ಲ. ಸಮುದ್ರದ ನಡುವೆ ನಾಲ್ಕೂ ದಿಕ್ಕಿಗೆ ನೀರು ಬಿಟ್ಟು ಬೇರೇನೂ ಕಾಣದ ಒಂದು ಬೆಳಗು ಘಟ್ಟದ ಮೇಲಿನ ಮಕ್ಕಳಿಗೆ ನಿಜಕ್ಕೂ ದೊಡ್ಡ ಅನುಭವ. ಹೋಗುವುದಾದರೆ ಕಾಲ ನೋಡಿಕೊಳ್ಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು. ಅತ್ತ ಅಣಶಿ ಘಟ್ಟದಲ್ಲೂ ಮಣ್ಣು ಕುಸಿದು ರಸ್ತೆ ನಿಲ್ಲುವುದು ಆ ತಿಂಗಳುಗಳಲ್ಲೇ. ದಸರಾ ರಜೆಯ ನಂತರ, ಡಿಸೆಂಬರ್ ಹೊತ್ತಿಗೆ ಸಮುದ್ರ ಶಾಂತವಾಗಿರುತ್ತದೆ. ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ಎಲ್ಲರೂ ಹೊರಡುವುದರಿಂದ ಎಲ್ಲ ದರ್ಜೆಯ ದರವೂ ಏರುತ್ತದೆ.

ಹಣ ಕಟ್ಟುವ ಮುನ್ನ ಹಡಗಿನ ಡೆಕ್ ನಕ್ಷೆ ತರಿಸಿ ಮನೆಯ ಮಕ್ಕಳ ಕೈಗೇ ಕೊಡಬಹುದು. ಪ್ರತಿ ಸಂಸ್ಥೆಯೂ ಅದನ್ನು ಉಚಿತವಾಗಿ ಕೊಡುತ್ತದೆ. ಹಡಗಿನ ನಡು ಯಾವುದು, ಕೋಣೆಯ ತಲೆಯ ಮೇಲೆ ನೃತ್ಯಶಾಲೆ ಇದೆಯೋ ಅಡುಗೆಮನೆ ಇದೆಯೋ, ಕಿಟಕಿಯ ಎದುರಿಗೆ ಜೀವರಕ್ಷಕ ದೋಣಿ ತೂಗುಬಿದ್ದು ಸಮುದ್ರವನ್ನೇ ಮುಚ್ಚಿದೆಯೋ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಭೂಗೋಳದ ನಕ್ಷೆ ಓದಬಲ್ಲ ಮಗುವಿಗೆ ಅರ್ಧ ಗಂಟೆಯ ಕೆಲಸ. ಕಂಪಾಸಿನ ಪೆಟ್ಟಿಗೆಯಿಂದ ಅಳತೆಪಟ್ಟಿ ತೆಗೆದು, ನಡುವಿನಿಂದ ಪ್ರತಿ ಕೋಣೆ ಎಷ್ಟು ದೂರ ಎಂದು ಗುರುತು ಹಾಕಿದರೆ, ಯಾವ ಕೋಣೆ ಎಷ್ಟು ತೂಗುತ್ತದೆಂಬ ಅಂದಾಜು ಏಜೆಂಟನಿಗಿಂತ ಮೊದಲು ಆ ಮಗುವಿಗೇ ಸಿಕ್ಕಿರುತ್ತದೆ.